ತಂತಿಯ ಆಚೆ ತುದಿ

ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಡದ ಮನೆತನಗಳು ನಮ್ಮ ಕೊಡಗಿನಲ್ಲಿ ಎಷ್ಟೋ ಇವೆ. ಅಂಥ ಜಿಲ್ಲೆಯಲ್ಲಿ ಕುಳಿತು ನಾನು ಮಾತಾಡುವುದಕ್ಕೆ ಪರವಾನಗಿ ಪಡೆದಿದ್ದೇನೆ. ಅದನ್ನೂ ಸುಮ್ಮನೆ ಕೊಡಲಿಲ್ಲ. ಪರೀಕ್ಷೆ ಬರೆಸಿದರು, ತಿಂಗಳುಗಟ್ಟಲೆ ಕಾಯಿಸಿದರು, ಕೊನೆಗೆ ನನ್ನ ನಡತೆ ವಿಚಾರಿಸಲು ಒಬ್ಬರು ಪೊಲೀಸರನ್ನೂ ಮನೆಗೆ ಕಳಿಸಿದರು. ಬಂದವರು ಕಾಫಿ ಕುಡಿದು, “ರೇಡಿಯೊ ಕೇಳೋಕೆ ಲೈಸೆನ್ಸ್ ಯಾಕಮ್ಮಾ?” ಎಂದರು. “ಕೇಳೋಕಲ್ಲ ಸಾರ್, ಮಾತಾಡೋಕೆ” ಎಂದೆ. ಒಳಗಿದ್ದ ಅಪ್ಪ ಅಲ್ಲಿಂದಲೇ ಕೂಗಿದರು: “ಇಷ್ಟು ದಿನ ಲೈಸೆನ್ಸ್ ಇಲ್ದೇನೇ ಮಾತಾಡಿದಾಳೆ ಸಾರ್, ಅದಕ್ಕೇನಾದ್ರೂ ಕೇಸ್ ಹಾಕೋಕಾಗುತ್ತಾ ನೋಡಿ.”

ಅಪ್ಪನ ದೂರಿನಲ್ಲಿ ಹುರುಳಿದೆ. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಶಾಲೆಯಿಂದ ಹಿಡಿದು ಕಾಲೇಜು ಮುಗಿಯುವತನಕ ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ವಿಷಯ ಕೈಗೆ ಕೊಟ್ಟು ಗಂಟೆ ಬಾರಿಸಿದರೆ ಸಾಕಿತ್ತು. ಈಗ ಕುಶಾಲನಗರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತ, ಉಳಿದ ಹೊತ್ತಿನಲ್ಲಿ ಮಕ್ಕಳಿಗೆ ಅದೇ ದುರಭ್ಯಾಸವನ್ನು ಕಲಿಸುತ್ತಿದ್ದೇನೆ. ಯಾರಾದರೂ ಏನನ್ನಾದರೂ ಖಚಿತವಾಗಿ ಹೇಳಿದರೆ ನನ್ನ ಬಾಯಿಗೆ ಮೊದಲು ಬರುವ ಮಾತು, “ಅದಕ್ಕೆ ಆಧಾರ?” ಈ ಒಂದು ಮಾತಿನಿಂದ ನನಗೆ ತಪ್ಪಿಹೋದ ಮದುವೆ ಊಟಗಳು, ಕೈತಪ್ಪಿದ ವರಗಳು ಎಷ್ಟೆಂದು ಅಮ್ಮನನ್ನು ಕೇಳಬೇಕು. ಆಧಾರ ಸಹಿತ ಹೇಳುತ್ತಾಳೆ.

ಹ್ಯಾಮ್ ಎಂದು ಕರೆಯುವ ಈ ಹವ್ಯಾಸಿ ರೇಡಿಯೊ ನನಗೆ ಹಿಡಿಸಿದ್ದೂ ಈ ಚಟದಿಂದಲೇ ಇರಬೇಕು. ಅಲ್ಲಿ ಒಬ್ಬರು ಗುಂಡಿ ಒತ್ತಿ ಮಾತಾಡುತ್ತಿರುವಾಗ ಇನ್ನೊಬ್ಬರು ಸುಮ್ಮನೆ ಕೇಳಿಸಿಕೊಳ್ಳಲೇಬೇಕು. ಟಿ.ವಿ. ಚರ್ಚೆ ನೋಡಿ ಕಿವಿ ಕೆಡಿಸಿಕೊಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಜಾರಿ, ಕರೆಂಟು ಮೊಬೈಲು ಎರಡೂ ಕೈಕೊಟ್ಟಾಗ ನಮ್ಮಂಥವರೇ ಸುದ್ದಿ ಮುಟ್ಟಿಸುವುದು ಎಂದು ಹೇಳಿಕೊಂಡರೆ ಎದುರಿನವರ ಮುಖದಲ್ಲಿ ಗೌರವ ಮೂಡುತ್ತದೆ. ಅದು ಸುಳ್ಳಲ್ಲ. ಆದರೆ ಮಿಕ್ಕ ದಿನಗಳಲ್ಲಿ ನಾವು ಮಾತಾಡುವುದೇನು? “ನಿಮ್ಮ ಧ್ವನಿ ಚೆನ್ನಾಗಿ ಕೇಳ್ತಾ ಇದೆ. ನನ್ನದು?” “ಚೆನ್ನಾಗಿದೆ. ಅಲ್ಲಿ ಮಳೆಯಾ?” “ಮೋಡ ಇದೆ.” ಮನುಷ್ಯ ಬುದ್ಧಿ ಖರ್ಚು ಮಾಡಿ ವಿದ್ಯುತ್ಕಾಂತೀಯ ಅಲೆಗಳನ್ನು ಕಂಡುಹಿಡಿದ, ನಾವು ಅದರ ಬೆನ್ನ ಮೇಲೆ ಮೋಡದ ಸಮಾಚಾರ ಹೇರಿ ಕಳಿಸುತ್ತೇವೆ. ಇದರಲ್ಲಿ ನನಗೆ ಸಿಗುವ ಸಂತೋಷಕ್ಕೆ ಮಾತ್ರ ಇದುವರೆಗೆ ಆಧಾರ ಸಿಕ್ಕಿಲ್ಲ.

ಇಷ್ಟಕ್ಕೆಲ್ಲ ಬೇಕಾದದ್ದು ಒಂದು ಪುಟ್ಟ ಪೆಟ್ಟಿಗೆ, ಮತ್ತೆ ಒಂದು ಉದ್ದದ ತಂತಿ. ಪೆಟ್ಟಿಗೆಯದೇನೂ ತೊಂದರೆಯಿಲ್ಲ, ಮೇಜಿನ ಮೇಲೆ ಕೂರುತ್ತದೆ. ತಂತಿಯನ್ನು ಎತ್ತರದಲ್ಲಿ ಎಳೆದು ಕಟ್ಟಬೇಕು, ಅದಕ್ಕೆ ಎರಡು ತುದಿ ಬೇಕು. ಶಿರಂಗಾಲದಿಂದ ಕುಶಾಲನಗರಕ್ಕೆ ಹೋಗುವ ದಾರಿಯಲ್ಲಿರುವ ನಮ್ಮೂರಿನಲ್ಲಿ ನಮ್ಮ ಮನೆಯ ಜಾಗ ಅಡ್ಡಕ್ಕೆ ಕಡಿಮೆ. ಹಾಗಾಗಿ ತಂತಿಯ ಒಂದು ತುದಿ ನಮ್ಮ ತಾರಸಿಯ ಮೇಲಿನ ಪೈಪಿಗೆ, ಇನ್ನೊಂದು ತುದಿ ಬೇಲಿಯಾಚೆ ಗಿರಿಜತ್ತೆ ಕರಿಮೆಣಸು ಹಬ್ಬಿಸಿದ ಸಿಲ್ವರ್ ಓಕ್ ಮರಕ್ಕೆ. ಗಿರಿಜತ್ತೆ ನಮಗೆ ನಂಟರಲ್ಲ, ನೆರೆಮನೆಯವರು. ಆದರೆ ನನ್ನನ್ನು ಬೈಯುವ ವಿಷಯದಲ್ಲಿ ಸೋದರತ್ತೆಯ ಅಧಿಕಾರವೆಲ್ಲ ಅವರಿಗಿದೆ. ಮರ ಕೇಳಿದಾಗ, “ಬಟ್ಟೆ ಒಣಗಾಕೋಕಾ?” ಎಂದರು. “ಮಾತಾಡೋಕೆ” ಎಂದೆ. “ಕಟ್ಕೋ, ಮೆಣಸಿನ ಬಳ್ಳಿ ತುಳೀಬೇಡ” ಎಂದರು. ಒಪ್ಪಂದ ಅಷ್ಟೇ.

ಹೀಗೆ ಎಲ್ಲ ಸುಖವಾಗಿರುವಾಗ ಗಿರಿಜತ್ತೆ ಹೊಸ ಹೋಮ್ ಥಿಯೇಟರ್ ತಂದರು. ಟಿ.ವಿ.ಯ ಕೆಳಗೆ ಸಾಲಾಗಿ ಸ್ಪೀಕರುಗಳು. ಮೊದಲ ವಾರವೇ, ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಕಾಲು ಹಿಡಿದು ಕ್ಷಮೆ ಕೇಳುವ ಗಳಿಗೆಯಲ್ಲಿ, ಆ ಸ್ಪೀಕರಿನಿಂದ ಬಾತುಕೋಳಿಯ ಕೂಗು ಬಂತು. ಕೂಗಿದವಳು ನಾನು. ನಾವು ಬಳಸುವ ಬಗೆಯ ಅಲೆ ಇಂಥ ಅಗ್ಗದ ಸ್ಪೀಕರುಗಳ ತಂತಿಯೊಳಗೆ ನುಗ್ಗಿದರೆ ಮನುಷ್ಯರ ಮಾತು ಮಾತಾಗಿ ಕೇಳುವುದಿಲ್ಲ, ಹೊಟ್ಟೆಗಿಲ್ಲದ ಬಾತುಕೋಳಿ ಗೊಣಗಿದಂತೆ ಕೇಳುತ್ತದೆ. ತಪ್ಪು ಯಾರದು ಎಂಬುದಕ್ಕೆ ನನ್ನ ಬಳಿ ಸಿದ್ಧವಾದ ವಾದವಿತ್ತು: ನನ್ನ ಪೆಟ್ಟಿಗೆ ತನಗೆ ಹೇಳಿದ ತರಂಗಾಂತರದಲ್ಲೇ ಮಾತಾಡುತ್ತಿದೆ, ನಿಮ್ಮ ಸ್ಪೀಕರಿಗೆ ಬೇಡದ್ದನ್ನು ಹೊರಗಿಡುವ ಜಾಣತನವಿಲ್ಲ. ವಾದ ಸರಿಯಾಗಿಯೇ ಇತ್ತು. ಆದರೆ ಸೊಸೆಯ ಕಾಲು ಹಿಡಿದ ಅತ್ತೆ ಏನೆಂದಳೆಂದು ತಿಳಿಯದೆ ಕೂತವರ ಮುಂದೆ ಅದನ್ನು ಮಂಡಿಸುವುದು ಹೇಗೆ?

ಗಿರಿಜತ್ತೆ ಬೇಲಿಯ ಹತ್ತಿರ ಬಂದದ್ದು ಬೇರೆ ಕಾರಣಕ್ಕೆ. ಅವರ ಮಗಳು ವಾಣಿ ನನ್ನ ಜೊತೆಯವಳು, ಶಾಲೆಯ ಚರ್ಚಾತಂಡದಲ್ಲಿ ನನ್ನ ಜೋಡಿ. ಈಗ ಮೂರ್ನಾಡಿನಲ್ಲಿ ಗಂಡನ ಮನೆಯಲ್ಲಿದ್ದಾಳೆ, ಬಸುರಿ. ಸೀಮಂತ ಮುಗಿಸಿಕೊಂಡು ಹೆರಿಗೆಗೆ, ಬಾಣಂತನಕ್ಕೆ ಇಲ್ಲಿಗೇ ಬರುವವಳು. ಅವಳಿಗೆಂದು ಸುಣ್ಣ ಹೊಡೆಸಿದ ಕೋಣೆಯ ಕಿಟಕಿಯಿಂದ ನೋಡಿದರೆ ಸಿಲ್ವರ್ ಮರ ಕಾಣುತ್ತದೆ, ಮರದ ಜೊತೆ ನನ್ನ ತಂತಿಯೂ.

“ಚೈತ್ರಾ, ವಾಣಿ ಬರೋದ್ರೊಳಗೆ ಆ ತಂತಿ ಬಿಚ್ಬುಡು.”

“ಯಾಕತ್ತೆ? ಸ್ಪೀಕರ್ ಸರಿ ಮಾಡಿಕೊಡ್ತೀನಿ ಅಂದೆನಲ್ಲ.”

“ಸ್ಪೀಕರ್ ಮನೆ ಹಾಳಾಗ್ಲಿ. ಗೋಡೆ ದಾಟಿ ಪೆಟ್ಟಿಗೆ ಒಳಗೆ ಹೋಗಿದ್ದು ಹೊಟ್ಟೆ ಒಳಗೆ ಹೋಗಲ್ಲ ಅಂತ ಹೆಂಗೆ ಹೇಳ್ತೀಯ?”

ಒಳ್ಳೆಯ ಪ್ರಶ್ನೆ. ನನ್ನ ವಿದ್ಯಾರ್ಥಿಗಳು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಆದರೆ ಕೇಳಿದವರ ಕೈಯಲ್ಲಿ ನನ್ನ ಮರವಿತ್ತು. ಆ ಮರ ಹೋದರೆ ತಂತಿಯಿಲ್ಲ, ತಂತಿಯಿಲ್ಲದಿದ್ದರೆ ಮೋಡದ ಸಮಾಚಾರವಿಲ್ಲ. ಹಾಗಾಗಿ ನಾನು ಬೆನ್ನು ತಟ್ಟದೆ ಟೊಂಕ ಕಟ್ಟಿದೆ.

ಇಲ್ಲಿ ಸ್ವಲ್ಪ ಪಾಂಡಿತ್ಯ ಮೆರೆಯಲು ಅಪ್ಪಣೆ ಬೇಕು. ರೇಡಿಯೊ ಅಲೆ ಎಕ್ಸ್-ರೇಯಂಥದ್ದಲ್ಲ, ಮೈಯೊಳಗಿನ ಕಣಗಳನ್ನು ಒಡೆಯುವ ಶಕ್ತಿ ಅದಕ್ಕಿಲ್ಲ. ಚೆನ್ನಾಗಿ ಸಾಬೀತಾದ ತೊಂದರೆಯೆಂದರೆ, ಅತಿಯಾದಾಗ ಮೈ ಬಿಸಿಯಾಗುವುದು. ಮಿತಿ ನಿಗದಿ ಮಾಡುವ ತಜ್ಞರು ಮೊದಲು ಎಷ್ಟಾದರೆ ಆ ಬಿಸಿ ತೊಂದರೆ ಕೊಡಬಹುದೆಂದು ಹುಡುಕುತ್ತಾರೆ. ಅದರ ಹತ್ತರಲ್ಲೊಂದು ಪಾಲನ್ನು ಇಂಥ ಯಂತ್ರಗಳ ನಡುವೆ ಕೆಲಸ ಮಾಡುವವರಿಗೆ ಇಡುತ್ತಾರೆ. ಆ ಪಾಲನ್ನೂ ಮತ್ತೆ ಐದು ಮಾಡಿ, ಒಂದನ್ನು ಸಾರ್ವಜನಿಕರಿಗೆ. ಯಾಕೆಂದರೆ ಸಾರ್ವಜನಿಕರಲ್ಲಿ ಮಕ್ಕಳಿರುತ್ತಾರೆ, ಕಾಯಿಲೆಯವರಿರುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಮೇಲೆ ಏನು ಬೀಳುತ್ತಿದೆಯೆಂದು ಗೊತ್ತೇ ಇಲ್ಲದವರಿರುತ್ತಾರೆ. ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಮಾತಿದೆ. ತಾಯಿ ಅಂಥ ಯಂತ್ರದ ಕೆಲಸದವಳೇ ಆಗಿದ್ದರೂ ಅವಳ ಹೊಟ್ಟೆಯಲ್ಲಿರುವ ಕೂಸನ್ನು ಮಾತ್ರ ಸಾರ್ವಜನಿಕರ ಜೊತೆ ಸೇರಿಸಬೇಕಂತೆ. ಪಡಿತರ ಚೀಟಿಯಲ್ಲಿ ಹೆಸರಿಲ್ಲ, ಇನ್ನೂ ಹೆಸರೇ ಇಲ್ಲ, ಆದರೆ ಆಗಲೇ ಸಾರ್ವಜನಿಕ! ಆ ಸಾಲು ಬರೆದವರು ಯಾರೋ ತಿಳಿಯದು. ಮನೆಯಲ್ಲಿ ಬಸುರಿಯಿದ್ದಾಗ ಬರೆದಿರಬೇಕು ಎಂದು ನನ್ನ ಊಹೆ. ಆಧಾರವಿಲ್ಲ.

ನಾನು ಲೆಕ್ಕ ಹಾಕಿದೆ. ನಾನು ಉಸಿರು ಬಿಡದೆ, ಪೆಟ್ಟಿಗೆಯ ಪೂರ್ತಿ ಶಕ್ತಿ ಹಾಕಿ, ಇಡೀ ದಿನ ಮಾತಾಡುತ್ತಲೇ ಇರುತ್ತೇನೆ ಎಂದುಕೊಂಡೇ ಹಾಕಿದೆ. (ಅಪ್ಪ ಇಣುಕಿ ನೋಡಿ, “ಉಸಿರು ಬಿಡದೆ ಅನ್ನೋದು ಸರಿಯಾಗಿದೆ” ಎಂದರು.) ಅಷ್ಟಾದರೂ ವಾಣಿಯ ಕೋಣೆಗೆ ತಲುಪುವುದು ಸಾರ್ವಜನಿಕರ ಮಿತಿಗಿಂತ ಎಷ್ಟೋ ಕೆಳಗೆ ಉಳಿಯಿತು. ದೂರ ಸ್ವಲ್ಪ ಹೆಚ್ಚಿದರೂ ಅಲೆಯ ಬಲ ಬಹಳ ಬೇಗ ಇಳಿಯುತ್ತದೆ. ತಂತಿಯನ್ನೇ ತಬ್ಬಿಕೊಂಡು ನಿಂತರೆ ಮಾತು ಬೇರೆ, ಆದರೆ ಅಲ್ಲಿಗೆ ಹತ್ತಲು ವಾಣಿ ಮೆಣಸು ಕೊಯ್ಯುವವರ ಏಣಿ ತರಿಸಬೇಕು.

ಈ ಗೆಲುವಿನ ಹುಮ್ಮಸ್ಸಿನಲ್ಲಿ ಬೇಲಿಯ ಬಳಿ ಹೋದೆ. ಕಾಗದ ತೋರಿಸಿದೆ. ಗಿರಿಜತ್ತೆ ದಿನಾ ಕಿವಿಗೆ ಅಂಟಿಸಿಕೊಳ್ಳುವ ಮೊಬೈಲಿನ ಉದಾಹರಣೆ ಕೊಟ್ಟೆ. ಕೊನೆಗೆ ಬ್ರಹ್ಮಾಸ್ತ್ರ ತೆಗೆದೆ.

“ಅತ್ತೆ, ಈ ಅಲೆಯಿಂದ ಆಗೋದು ಅಂದ್ರೆ ಬಿಸಿ. ಅದೂ ಇಲ್ಲಿ ಲೆಕ್ಕಕ್ಕೇ ಬರಲ್ಲ. ನೀವು ಬಾಣಂತಿಗೆ ಕುದಿಯೋ ನೀರು ಹಾಕಿ, ಮಂಚದ ಕೆಳಗೆ ಕೆಂಡ ಇಟ್ಟು ಬೆಚ್ಚಗೆ ಮಾಡ್ತೀರಲ್ಲ, ಅದರ ಮುಂದೆ ಇದು ಏನೂ ಅಲ್ಲ.”

ಸಭೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಗಿರಿಜತ್ತೆ ಸೆರಗು ಸರಿಮಾಡಿಕೊಂಡರು.

“ಬಾಣಂತಿ ನೀರು ಹಾಕೋಳು ನಾನು. ಮೊದಲು ನನ್ನ ಕೈ ಅದ್ದಿ ನೋಡಿ ಹಾಕ್ತೀನಿ. ನಿನ್ನ ತಂತೀಗೆ ಯಾರು ಕೈ ಅದ್ದಿ ನೋಡಿದಾರೆ?”

ಎಂದು ಒಳಗೆ ಹೋದರು. ನನ್ನ ಸರದಿ ಬರುವ ಮೊದಲೇ ಎದುರಾಳಿ ವೇದಿಕೆಯಿಂದ ಇಳಿದು ಹೋಗುವುದು ನಿಯಮಕ್ಕೆ ವಿರುದ್ಧ. ಆದರೆ ಬೇಲಿಯ ಹತ್ತಿರ ತೀರ್ಪುಗಾರರಿರುವುದಿಲ್ಲ.

ವಾಣಿಗೆ ಫೋನ್ ಮಾಡಿ ದೂರು ಹೇಳಿಕೊಂಡೆ. ಅವಳು ಹಳೆಯ ಚಾಳಿಯಂತೆ ಮೊದಲು ವಿರೋಧಪಕ್ಷ ಹಿಡಿದಳು. “ಮಿತಿ ಅಂತೀಯ. ಮಿತಿಗಿಂತ ಕೆಳಗಿದ್ರೆ ಏನೂ ಆಗಲ್ಲ ಅಂತ ಯಾರಾದ್ರೂ ಬರ್ಕೊಟ್ಟಿದಾರಾ? ಗೊತ್ತಿರೋ ಹಾಗೆ ಏನೂ ಆಗಲ್ಲ ಅಂತ ಅಲ್ವೇನೇ?” ಮೂರ್ನಾಡಿಗೆ ಹೋದರೂ ಕತ್ತಿ ಮೊಂಡಾಗಿರಲಿಲ್ಲ. “ಅಷ್ಟೇ ಹೇಳೋಕಾಗೋದು ಕಣೆ. ಪ್ರಪಂಚದಲ್ಲಿ ಯಾವುದರ ಬಗ್ಗೆಯಾದ್ರೂ ಅಷ್ಟೇ” ಎಂದೆ. ಅವಳು ನಕ್ಕಳು. ಆಮೇಲೆ ಹೇಳಿದಳು: “ನನಗೆ ನಿನ್ನ ತಂತಿ ಭಯ ಇಲ್ಲ ಚೈತ್ರಾ. ಅವ್ವಂಗೆ ಹೋದ ಸಲದ್ದು ಇನ್ನೂ ಮರೆತಿಲ್ಲ. ಆವಾಗ್ಲೂ ಡಾಕ್ಟ್ರು ಎಲ್ಲ ಸರಿಯಾಗಿದೆ ಅಂತಾನೇ ಅಂದಿದ್ರು, ಮೂರು ತಿಂಗಳಿಗೆ ಗರ್ಭ ಹೋಯ್ತಲ್ಲ. ಸರಿಯಾಗಿದೆ ಅಂತ ಯಾರಾದ್ರೂ ಅಂದ್ರೆ ಅವ್ವಂಗೆ ಈಗ ಭಯಾನೇ ಜಾಸ್ತಿ ಆಗುತ್ತೆ.”

ನನಗೆ ಇದು ಗೊತ್ತಿತ್ತು, ನೆನಪಿರಲಿಲ್ಲ. ಚರ್ಚೆಯಲ್ಲಿ ಎದುರಾಳಿಯ ಮಾತನ್ನು ಅಕ್ಷರ ಬಿಡದೆ ಕೇಳಿಸಿಕೊಳ್ಳುವುದನ್ನು ಕಲಿಸುತ್ತಾರೆ. ಆ ಮಾತು ಎಲ್ಲಿಂದ ಹೊರಟಿದೆ ಎಂದು ಕೇಳುವುದನ್ನು ಪಠ್ಯದಲ್ಲಿ ಸೇರಿಸಿಲ್ಲ. ಕಾಗದವನ್ನು ಮಡಚಿ ಮೇಜಿನೊಳಗಿಟ್ಟೆ. ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಅದು ಗಿರಿಜತ್ತೆ ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಕನಿಷ್ಠ ಬಾತುಕೋಳಿಯನ್ನಾದರೂ ಓಡಿಸೋಣವೆಂದು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಇದಕ್ಕೆ ಮದ್ದು ಸುಲಭ. ಫೆರೈಟ್ ಎಂಬ ಪದಾರ್ಥದ ಉಂಗುರವೊಂದು ಬರುತ್ತದೆ. ನೋಡಲು ಥೇಟ್ ಸೀದುಹೋದ ಉದ್ದಿನ ವಡೆ. ಸ್ಪೀಕರಿನ ತಂತಿಯನ್ನು ಅದರ ತೂತಿನೊಳಗೆ ಕೆಲವು ಸುತ್ತು ಸುತ್ತಿದರೆ, ತಂತಿಯ ಮೇಲೆ ಹತ್ತಿಕೊಂಡು ಬರುವ ನನ್ನಂಥ ಕಳ್ಳಪ್ರಯಾಣಿಕರನ್ನು ಅದು ಅಲ್ಲಿಯೇ ತಡೆಯುತ್ತದೆ. ಧಾರಾವಾಹಿಯ ಅತ್ತೆ ಸೊಸೆಯರನ್ನು ಮಾತ್ರ ಒಳಗೆ ಬಿಡುತ್ತದೆ. ಸುತ್ತಿ, ಗಿರಿಜತ್ತೆಯನ್ನು ಸ್ಪೀಕರಿನ ಮುಂದೆ ಕಾವಲಿಗೆ ನಿಲ್ಲಿಸಿ, ಮನೆಗೆ ಬಂದು ಗುಂಡಿ ಒತ್ತಿ ಮಾತಾಡಿದೆ. ಬೇಲಿಯಾಚೆಯಿಂದ ಕೂಗು ಬಂತು:

“ಇಲ್ಲ ಕಣೇ! ಬಾತುಕೋಳಿ ಸತ್ತೋಯ್ತು!”

ನನ್ನ ಮರಣವಾರ್ತೆಯನ್ನು ನಾನು ಅಷ್ಟು ಸಂತೋಷದಿಂದ ಇನ್ನೆಂದೂ ಕೇಳಲಾರೆ.

ಮಾರನೆಯ ದಿನ ಬೆಳಗ್ಗೆ ಗಿರಿಜತ್ತೆ ತಾವಾಗಿಯೇ ನಮ್ಮ ಮನೆಗೆ ಬಂದರು. ಮುಖ ತಿಳಿಯಾಗಿತ್ತು. ಒಂದು ಕೈಯಲ್ಲಿ ಅಕ್ಕಿರೊಟ್ಟಿಯ ತಟ್ಟೆ, ಇನ್ನೊಂದು ಕೈಯಲ್ಲಿ ಕಪ್ಪು ದಾರ.

“ಆ ಕರೀ ಉಂಗುರ ಇನ್ನೊಂದಿದ್ರೆ ಕೊಡು. ವಾಣಿ ಸೊಂಟಕ್ಕೆ ಕಟ್ತೀನಿ. ಕಟ್ಬುಟ್ರೆ ಆಯ್ತು, ನಿನ್ನ ತಂತಿ ಪಾಡಿಗೆ ತಂತಿ ಇರ್ಲಿ, ಬಿಚ್ಚೋದು ಬೇಡ.”

ನೋಡಿ, ಎಷ್ಟು ಸರಾಗವಾಗಿ ಬಂದ ತೀರ್ಮಾನ! ಉಂಗುರ ಕಪ್ಪು, ದೃಷ್ಟಿದಾರವೂ ಕಪ್ಪು. ಸ್ಪೀಕರಿಗೆ ಕಟ್ಟಿದ್ದಾಯಿತು, ಒಳಗೆ ಹೋಗುತ್ತಿದ್ದದ್ದು ನಿಂತಿತು, ಅದನ್ನು ಅವರು ಕಿವಿಯಾರೆ ಕೇಳಿದ್ದಾರೆ. ಪ್ರಯೋಗ ನಡೆದಿದೆ, ಫಲಿತಾಂಶ ಬಂದಿದೆ. ಜಗತ್ತಿನ ಯಾವ ಮೂಢನಂಬಿಕೆಗೂ ಇಷ್ಟು ಗಟ್ಟಿ ಆಧಾರ ಇರಲಾರದು, ಮತ್ತು ಆ ಆಧಾರ ಒದಗಿಸಿದವಳು ಊರಿನ ಏಕಮಾತ್ರ ಸಂಶಯವಾದಿ.

“ಅತ್ತೆ, ಅದು ತಂತಿಗೆ ಮಾತ್ರ. ಮನುಷ್ಯರಿಗೆ ಕಟ್ಟಿದ್ರೆ ಏನೂ ಆಗಲ್ಲ.”

“ಕೆಟ್ಟದಾಗುತ್ತಾ?”

“ಇಲ್ಲ.”

“ಮತ್ತೆ ಕೊಡೋಕೇನು? ತಂತಿ ಕೆಟ್ಟದು ಮಾಡಲ್ಲ, ಅದಕ್ಕೇ ಇರ್ಲಿ ಅಂತ ನೀನಂದೆ. ಉಂಗುರನೂ ಕೆಟ್ಟದು ಮಾಡಲ್ಲ. ಅದೂ ಇರ್ಲಿ ಅಂತ ನಾನಂತೀನಿ.”

ಮೇಜಿನ ಮೇಲೆ ಡಬ್ಬಿಯಿತ್ತು. ಅದರ ತುಂಬ ಉಂಗುರಗಳು. ಒಂದನ್ನು ತೆಗೆದು ಕೊಟ್ಟಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಗಿರಿಜತ್ತೆಗೆ ನೆಮ್ಮದಿ, ವಾಣಿಗೆ ಅವಳ ಕೋಣೆ, ನನಗೆ ಮರ. ಕೊಡಬೇಕು ಎಂಬ ಪಕ್ಷ ವಹಿಸಿ ವಾದಿಸಲು ಹೇಳಿದ್ದರೆ ನಾನು ಸಭೆಗೆ ಕಣ್ಣೀರು ತರಿಸಿಬಿಡುತ್ತಿದ್ದೆ.

ಆದರೆ ಉಂಗುರ ಕೊಟ್ಟರೆ ಅದು ಬರೀ ಉಂಗುರವಾಗಿ ಹೋಗುವುದಿಲ್ಲ. ನನ್ನ ತಂತಿಯಿಂದ ಅಪಾಯವಿದೆ, ಅದಕ್ಕೆ ಇದು ರಕ್ಷೆ ಎಂಬ ಎರಡು ಸುಳ್ಳುಗಳನ್ನು ಕಟ್ಟಿಕೊಂಡೇ ಹೋಗುತ್ತದೆ. ನಾಳೆ ವಾಣಿಯ ಸೊಂಟ ನೊಂದರೆ ಉಂಗುರ ಸಡಿಲವಾಯಿತೇನೋ, ನಾಡಿದ್ದು ಕೂಸಿಗೆ ಕೆಮ್ಮು ಬಂದರೆ ಅದಕ್ಕೂ ಒಂದು ಕಟ್ಟಬೇಕಿತ್ತೇನೋ ಎಂದು ಈ ಹೆಂಗಸು ಕೊರಗುತ್ತ ಕೂರಬೇಕು. ಮೊದಲೇ ಒಮ್ಮೆ ಕೊರಗಿದ್ದಾರೆ. ನನ್ನ ಮೋಡದ ಸಮಾಚಾರಕ್ಕಾಗಿ ಅವರಿಗೆ ಹೊಸದೊಂದು ಚಿಂತೆಯನ್ನು ದಾನ ಮಾಡಲು ಮನಸ್ಸು ಬರಲಿಲ್ಲ.

“ಕೊಡಲ್ಲ ಅತ್ತೆ. ಸುಳ್ಳು ಹೇಳಿ ಕೊಟ್ಟಹಾಗಾಗುತ್ತೆ. ವಾಣಿ ಬರೋದ್ರೊಳಗೆ ತಂತಿ ಬಿಚ್ತೀನಿ, ಬಿಡಿ.”

ಗಿರಿಜತ್ತೆ ರೊಟ್ಟಿ ಇಟ್ಟು ಹೋದರು. ಅಪ್ಪ ರೊಟ್ಟಿ ಮುರಿಯುತ್ತ, “ಆ ಕರೀ ವಡೆ ಒಂದು ಕೊಟ್ಟಿದ್ರೆ ಮುಗಿದುಹೋಗ್ತಿತ್ತು” ಎಂದರು.

ಭಾನುವಾರ ಏಣಿ ತಂದು, ಮೆಣಸಿನ ಬಳ್ಳಿ ತುಳಿಯದಂತೆ ಮರಕ್ಕೆ ಒರಗಿಸಿ ಹತ್ತಿದೆ. ಮಳೆಬಿಸಿಲು ತಿಂದು ಗಂಟು ಬಿಗಿದುಹೋಗಿತ್ತು. ಕೆಳಗೆ ಗಿರಿಜತ್ತೆ ಬಂದು ನಿಂತರು. ಕೈಯಲ್ಲಿ ಮೊಬೈಲು, ಅದರೊಳಗೆ ವಾಣಿ. ತಂತಿ ಬಿಚ್ಚುವುದನ್ನು ಮಗಳಿಗೆ ತೋರಿಸಲೆಂದು ಮೇಲಕ್ಕೆ ಹಿಡಿದಿದ್ದರು. ಅಂತೂ ಗಂಟು ಸಡಿಲವಾಯಿತು, ತಂತಿ ಜೋತುಬಿತ್ತು.

“ಅಲ್ಲ ಕಣೆ,” ಎಂದರು ಗಿರಿಜತ್ತೆ. “ಆ ಉಂಗುರ ಕೊಟ್ಟಿದ್ರೆ ನಿನ್ನ ತಂತಿ ಉಳ್ಕೊಳ್ತಿತ್ತಲ್ವಾ?”

“ಹೌದತ್ತೆ.”

“ಗೊತ್ತಿದ್ದೂ ಕೊಡ್ಲಿಲ್ಲ.”

“ಅದರಿಂದ ಏನೂ ಉಪಯೋಗ ಇಲ್ವಲ್ಲ ಅತ್ತೆ.”

ಅವರು ಮರವನ್ನು ನೋಡಿದರು, ಜೋತುಬಿದ್ದ ತಂತಿಯನ್ನು ನೋಡಿದರು, ಮೊಬೈಲಿನಲ್ಲಿದ್ದ ಮಗಳನ್ನು ನೋಡಿದರು.

“ಲಾಭ ಆಗೋ ಕಡೆ ಸುಳ್ಳು ಹೇಳ್ಲಿಲ್ಲ ನೀನು. ಹಂಗಾದ್ರೆ ತಂತಿಯಿಂದ ಏನೂ ಆಗಲ್ಲ ಅಂದ್ಯಲ್ಲ, ಅದೂ ನಿಜಾನೇ ಇರ್ಬೇಕು. ಕಟ್ಟು ಮೇಲಕ್ಕೆ.”

ಇಲ್ಲಿ ಸುಮ್ಮನೆ ಗಂಟು ಹಾಕುವುದು ಬುದ್ಧಿವಂತರ ಲಕ್ಷಣ. ನಾನು ಏಣಿಯ ಮೇಲಿಂದಲೇ ಶುರುಮಾಡಿದೆ: “ಹಾಗೆ ತೀರ್ಮಾನ ಮಾಡಬಾರದು ಅತ್ತೆ. ನಾನು ಸುಳ್ಳು ಹೇಳಲ್ಲ ಅಂದಮಾತ್ರಕ್ಕೆ ನನ್ನ ಲೆಕ್ಕ ಸರಿ ಅಂತ ಆಗಲ್ಲ. ಹೇಳಿದವರ ಗುಣ ನೋಡಿ ಹೇಳಿದ್ದನ್ನ ನಂಬೋದು ತರ್ಕದಲ್ಲಿ ಒಂದು ದೊಡ್ಡ...”

“ಲೇ ಚೈತ್ರಾ!” ಮೊಬೈಲಿನೊಳಗಿಂದ ವಾಣಿ ಕಿರುಚಿದಳು. “ಬಾಯಿ ಮುಚ್ಕೊಂಡು ಗಂಟು ಹಾಕೇ!”

ಹಾಕಿದೆ.

ಈಗ ವಾಣಿ ಬಂದಿದ್ದಾಳೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಂಗಳದಲ್ಲಿ ಕೂತು ನನ್ನ ಉಚ್ಚಾರಣೆಯ ತಪ್ಪುಗಳನ್ನು ಬೇಲಿಯಾಚೆಯಿಂದಲೇ ತಿದ್ದುತ್ತಾಳೆ. ಗಿರಿಜತ್ತೆ ಧಾರಾವಾಹಿ ನೋಡುತ್ತಾರೆ. ನಾನು ಮೋಡದ ಸಮಾಚಾರ ಕಳಿಸುತ್ತೇನೆ. ಎಲ್ಲ ಕ್ಷೇಮ, ಗೊತ್ತಿರುವ ಹಾಗೆ.

ಆದರೂ ಆ ಅರ್ಧಕ್ಕೆ ನಿಂತ ವಾಕ್ಯ ನನ್ನನ್ನು ಕೆಲವು ದಿನ ಕಾಡಿತು. ಗಿರಿಜತ್ತೆಯ ತೀರ್ಮಾನ ತರ್ಕದ ಪ್ರಕಾರ ದೋಷವೇ ಸರಿ. ಹಾಗಾದರೆ ನನ್ನದು? ಮೈ ಎಷ್ಟಕ್ಕೆ ಬಿಸಿಯಾಗುತ್ತದೆಂದು ನಾನು ಅಳೆದಿದ್ದೇನೆಯೇ? ಹತ್ತರಲ್ಲೊಂದು, ಅದರ ಐದರಲ್ಲೊಂದು ಎಂದು ಪಾಲು ಮಾಡಿದವರ ಜೊತೆ ಕೂತಿದ್ದೇನೆಯೇ? ಇಲ್ಲ. ಅವರು ತಮಗೆ ಬೇಡವಾದ ಫಲಿತಾಂಶ ಬಂದರೂ ಮುಚ್ಚಿಡದೆ ಹೇಳುವ ಪೈಕಿಯವರು ಎಂದು ನಂಬಿ, ಅವರ ಅಂಕಿಯನ್ನು ಎರವಲು ತಂದು, ನನ್ನದೇ ಎಂಬಂತೆ ಬೇಲಿಯ ಬಳಿ ಬೀಸಿದ್ದೆ. ಗಿರಿಜತ್ತೆಯೂ ಮಾಡಿದ್ದು ಅದನ್ನೇ. ವ್ಯತ್ಯಾಸವೆಂದರೆ, ನಾನು ನಂಬಿದವರ ಮುಖವನ್ನೇ ನಾನು ಕಂಡಿಲ್ಲ. ಗಿರಿಜತ್ತೆ ನಂಬಿದವಳು ಬೇಲಿಯಾಚೆ ಇರುತ್ತಾಳೆ, ಬೇಕೆಂದಾಗ ಕರೆದು ಬೈಯಲು ಸಿಗುತ್ತಾಳೆ. ಎರಡರಲ್ಲಿ ಯಾವುದು ಹೆಚ್ಚು ಭದ್ರವಾದ ಏರ್ಪಾಡು ಎಂಬ ವಿಷಯ ಕೊಟ್ಟರೆ ನಾನು ಯಾವ ಪಕ್ಷ ಬೇಕಾದರೂ ವಹಿಸಿ ಗೆಲ್ಲಬಲ್ಲೆ. ಈಚೆಗೆ ಮಾತ್ರ, ಗಂಟೆ ಬಾರಿಸಿದರೂ, ಎದ್ದು ನಿಲ್ಲಲು ಅವಸರವಾಗುವುದಿಲ್ಲ.